ಗಾಡಿಯ ಐಬು

ನನ್ನ ಮೈಯಿಂದ ಡಾಂಬರು ಗುಳಿಗೆಯ ವಾಸನೆ ಬರುತ್ತದೆಯೇನೋ ಎಂಬುದು ಆ ವರ್ಷ ನನ್ನ ಬೆನ್ನು ಬಿಡದ ಚಿಂತೆ. ಯಾರಿಗೂ ಹೇಳುವಂಥದ್ದಲ್ಲ. ದಿನಚರಿಯಲ್ಲಿ ಒಂದು ಸಾಲು ಬರೆದು, ಓದಿ, ನಾಚಿಕೆಯಾಗಿ ಗೀಟು ಹೊಡೆದೆ. ಹೊರಗೆ ಹೋಗುವಾಗ ಉಡುವ ನನ್ನ ಸೀರೆಗಳೆಲ್ಲ ಅವ್ವನ ಟ್ರಂಕಿನಲ್ಲಿದ್ದವು. ಅವ್ವ ನುಸಿಗೆ ಹೆದರಿ ಮಡಿಕೆ ಮಡಿಕೆಗೂ ಗುಳಿಗೆ ಇಡುತ್ತಿದ್ದಳು. ಒಮ್ಮೆ ಕಿತ್ತೂರಿಗೆ ಮದುವೆಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನ ಕಡೆ ನೋಡಿ, ಸೆರಗಿನಿಂದ ಮೂಗು ಒರೆಸಿಕೊಂಡು, ಕಿಟಕಿಯತ್ತ ಸರಿದು ಕೂತಳು. ಆಕೆಗೆ ನೆಗಡಿ ಇದ್ದಿರಬಹುದು. ಆದರೆ ಅಂದಿನಿಂದ ನಾನು ಯಾರ ಹತ್ತಿರ ನಿಂತರೂ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು ಮೊದಲು ನೋಡಿಕೊಳ್ಳತೊಡಗಿದೆ.

ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಬೈಲಹೊಂಗಲಕ್ಕೆ ಮರಳಿದ್ದೆ. ರಸಾಯನಶಾಸ್ತ್ರ ಓದಿದವಳು. ಆ ಗುಳಿಗೆಯ ಹೆಸರು ನ್ಯಾಫ್ಥಲೀನ್, ಎರಡು ಉಂಗುರಗಳು ಬಗಲಿಗೆ ಬಗಲು ಹಚ್ಚಿ ಕೂತಂಥ ಅಣು, ಕರಗದೆಯೇ ಆವಿಯಾಗುತ್ತದೆ ಎಂಬುದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದರಿಂದ ವಾಸನೆಯೇನೂ ಕಡಿಮೆಯಾಗಲಿಲ್ಲ. ಮನೆಯಲ್ಲಿ ನನ್ನ ಕೆಲಸವೆಂದರೆ ಅಂಗಡಿಗೆ ಬಂದ ಇಂಗ್ಲಿಷ್ ಪತ್ರಗಳನ್ನು ಓದಿ ಹೇಳುವುದು, ಕೇಳಿದ್ದಕ್ಕೆ ಹೂಂ ಎನ್ನುವುದು.

ಅಪ್ಪ ಶಂಕರೆಪ್ಪನದು ಪೇಟೆಯಲ್ಲಿ ಹತ್ತಿಯ ದಲಾಲಿ ಅಂಗಡಿ. ಆತನೂ ಮಾತಿನವನಲ್ಲ. ನಮ್ಮಿಬ್ಬರ ಪಾಲಿನ ಮಾತೆಲ್ಲ ಅಪ್ಪನ ತಮ್ಮ ಬಸಲಿಂಗಪ್ಪ ಕಾಕಾನಿಗೆ ಹೋಗಿತ್ತು. ಗಾಡಿ ಓಡಿಸುವವನೂ ಕಾಕಾನೇ.

ಗಾಡಿ ಐವತ್ತೊಂಬತ್ತರ ಅಂಬಾಸಡರ್. ಬೆಳಗಾವಿಯ ಡಾಕ್ಟರೊಬ್ಬರು ಬಹಳ ವರ್ಷ ಓಡಿಸಿ, ಕಣ್ಣು ಮಂದವಾದ ಮೇಲೆ ಅಪ್ಪನಿಗೆ ಕೊಟ್ಟದ್ದು. ಮಜ್ಜಿಗೆಯ ಬಣ್ಣ. ಎಪ್ಪತ್ಮೂರರ ಕೊನೆಗೆ ಪೆಟ್ರೋಲಿನ ದರ ಒಮ್ಮೆಲೇ ಏರಿದಾಗ ಅಪ್ಪ, ಇನ್ನು ಗಾಡಿ ಮುಟ್ಟಬೇಡ ಎಂದ. ಮುಟ್ಟದೆ ಇರುವುದು ಕಾಕಾನಿಂದ ಆಗುವ ಮಾತಲ್ಲ. ಆತ ಪೆಟ್ರೋಲಿನ ಜೊತೆ ಅಡುಗೆಮನೆಯ ಸ್ಟೋವಿನ ಡಬ್ಬಿಯಿಂದ ಒಂದು ಪಾಲು ಚಿಮಣಿ ಎಣ್ಣೆ ಬೆರೆಸತೊಡಗಿದ. ಗಾಡಿ ಓಡಿತು. ಸ್ಟೋವು ಹತ್ತುವುದಿಲ್ಲ ಎಂದು ಅವ್ವ ಗೊಣಗಿದಳು, ಅಷ್ಟೆ.

ಸದ್ದನ್ನು ಮೊದಲು ಕೇಳಿದವಳು ನಾನೇ ಇರಬೇಕು, ಏಕೆಂದರೆ ಗಾಡಿಯಲ್ಲಿ ಬಾಯಿ ಮುಚ್ಚಿ ಕೂತಿರುತ್ತಿದ್ದವಳು ನಾನೊಬ್ಬಳೇ. ಯರಗಟ್ಟಿ ದಾಟಿ ಸವದತ್ತಿಯ ಕಡೆ ಹೋಗುವಾಗ ಒಂದು ಏರಿನಲ್ಲಿ ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಹಾಕಿ ಅಲ್ಲಾಡಿಸಿದಂತೆ ಕೇಳಿತು. ಏರು ಮುಗಿದು ರಸ್ತೆ ಸಮವಾದ ಕೂಡಲೇ ನಿಂತಿತು. ಮರಳಿ ಬರುವಾಗ ಅದೇ ಜಾಗ ಇಳಿಜಾರು, ಸದ್ದಿಲ್ಲ. ನಾನು ಅದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ: ಭಾರ ಬಿದ್ದಾಗ ಮಾತ್ರ. ಹೇಳಲಿಲ್ಲ. ಯಾರೂ ಕೇಳಿರಲಿಲ್ಲ.

ತಿಂಗಳು ಕಳೆಯುವಷ್ಟರಲ್ಲಿ ಎಲ್ಲರಿಗೂ ಕೇಳತೊಡಗಿತು. ಜೊತೆಗೆ ಇನ್ನೊಂದು ಚಾಳಿ ಹತ್ತಿತು. ಚಾವಿ ತಿರುಗಿಸಿ ತೆಗೆದ ಮೇಲೂ ಎಂಜಿನ್ ನಿಲ್ಲದೆ ಢಕ್ ಢಕ್ ಎಂದು ಒಂದಷ್ಟು ಹೊತ್ತು ಮೈ ಕುಲುಕಿ ಆಮೇಲೆ ಸಾಯುತ್ತಿತ್ತು.

"ಬಿಕ್ಕಳಿಕಿ ಹತ್ತ್ಯಾವ ಇದಕ್ಕ," ಎಂದ ಕಾಕಾ. "ಯಾರೋ ನೆನಸಾಕ ಹತ್ತ್ಯಾರ. ಆ ಡಾಕ್ಟರ ಇರಬೇಕ."

ಬಸ್ ಸ್ಟ್ಯಾಂಡಿನ ಹಿಂದೆ ಮಡಿವಾಳೆಪ್ಪನ ಗ್ಯಾರೇಜು. ಕಾಕಾ ಗಾಡಿ ಒಯ್ದು ನಿಲ್ಲಿಸಿದ ದಿನ ನಾನೂ ಹಿಂದಿನ ಸೀಟಿನಲ್ಲಿದ್ದೆ. ಅಲ್ಲಿಂದ ಮುಂದೆ ದರ್ಜಿಯ ಅಂಗಡಿಗೆ ಹೋಗುವುದಿತ್ತು. ಚಾವಿ ತೆಗೆದರೂ ಗಾಡಿ ಕುಲುಕುವುದನ್ನು ಮಡಿವಾಳೆಪ್ಪ ಸೊಂಟದ ಮೇಲೆ ಕೈಯಿಟ್ಟು ನೋಡಿದ.

"ಏನ್ರಿ ಸಾವ್ಕಾರ್ರ, ನಮ್ಮಾಕಿ ಹಂಗ ಆಗೈತಲ್ರಿ ಇದು. ಬಾಯಿ ಮುಚ್ಚು ಅಂದ ಮ್ಯಾಲೂ ನಾಕ ಮಾತ ಆಡೇ ಸುಮ್ಕಾಗತೈತಿ."

"ನಿಮ್ಮಾಕಿಗೆ ಏನ್ ಔಷಧ ಮಾಡ್ತಿ, ಅದನ್ನ ಇದಕ್ಕೂ ಮಾಡು."

"ಆಕಿಗೆ ಔಷಧ ಇದ್ದಿದ್ರ ನಾ ಇಲ್ಲಿ ಯಾಕ ಕುಂಡ್ರತಿದ್ದೆ? ಏನ್ ಹಾಕ್ತೀರ್ರಿ ಟ್ಯಾಂಕಿಗೆ?"

"ಪೆಟ್ರೋಲ್ ಬಿಟ್ಟು ಹಾಲ ಹಾಕ್ತಾರೇನೋ?" ಎಂದು ಕಾಕಾ ನಕ್ಕ.

ನಾನು ಕಿಟಕಿಯ ಹೊರಗೆ ನೋಡಿದೆ.

ಮಡಿವಾಳೆಪ್ಪ ಮೊದಲು ಟ್ಯಾಪೆಟ್ ಸಡಿಲಾಗಿದೆ ಎಂದು ಬಿಗಿ ಮಾಡಿದ. ಸದ್ದು ಹೋಗಲಿಲ್ಲ. ಪ್ಲಗ್ ಬದಲಿಸಿದ. ಹೋಗಲಿಲ್ಲ. ಕಾರ್ಬುರೇಟರ್ ಬಿಚ್ಚಿ ತೊಳೆದು ಊದಿದ. ಬೇರಿಂಗ್ ಹೋಗಿರಬೇಕು, ಎಂಜಿನ್ ಇಳಿಸಬೇಕು ಎಂದ. ಕಾಕಾ ಹೌಹಾರಿದ ಮೇಲೆ ಹಾಗಾದರೆ ಟೈಮಿಂಗ್ ನೋಡೋಣ ಎಂದು ಬಾನೆಟ್ಟಿನೊಳಗೆ ಬಗ್ಗಿದ. ಕಿಡಿ ಹಂಚುವ ಡಬ್ಬಿಯ ಬಗಲಿಗೆ ಒಂದು ಪುಟ್ಟ ತಿರುಪು ಇತ್ತು. ಅದರ ಒಂದು ಕಡೆ ಇಂಗ್ಲಿಷಿನ 'ಎ', ಇನ್ನೊಂದು ಕಡೆ 'ಆರ್'.

"ಎ ಅಂದ್ರ ಅವಸರ, ಆರ್ ಅಂದ್ರ ಆರಾಮ," ಎಂದು ಮಡಿವಾಳೆಪ್ಪ ಕಾಕಾನಿಗೆ ಪಾಠ ಹೇಳಿದ. "ಕಿಡಿ ಅವಸರ ಮಾಡಿದ್ರ ಬಡೀತೈತ್ರಿ. ಆರಾಮ ಕಡೆ ತಿರುವೂಣು."

ಆ ಅಕ್ಷರಗಳು ಬೇರೆ ಶಬ್ದಗಳ ಮೊದಲಕ್ಷರಗಳು ಎಂದು ನನಗೆ ಗೊತ್ತಿತ್ತು, ಆದರೆ ಅವನು ಕೊಟ್ಟ ಅರ್ಥವೂ ತಪ್ಪಾಗಿರಲಿಲ್ಲ. ಆರಾಮದ ಕಡೆ ತಿರುವಿದ ಮೇಲೆ ಬಡಿತ ಸಣ್ಣಗಾಯಿತು. ಅದರ ಜೊತೆ ಗಾಡಿಯ ಜೀವವೂ ಸಣ್ಣಗಾಯಿತು. ಸಣ್ಣ ದಿಬ್ಬಕ್ಕೂ ಏದುಸಿರು, ರಾಮದುರ್ಗಕ್ಕೆ ಹೋದಾಗ ಕಟಕೋಳದ ಹತ್ತಿರ ನೀರು ಕುದ್ದು ರೇಡಿಯೇಟರಿನಿಂದ ಹಬೆ. ಕಾಕಾ ತಿರುಪನ್ನು ಮರಳಿ ಅವಸರಕ್ಕೆ ತಂದ. ಬಡಿತವೂ ಮರಳಿ ಬಂತು.

ಕೊನೆಗೆ ಮಡಿವಾಳೆಪ್ಪ ಒಂದು ಪ್ಲಗ್ ಬಿಚ್ಚಿ, ಅದರ ತೂತಿನೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಅಂಗೈ ಒರೆಸಿಕೊಂಡ. "ಒಳಗ ಕರಿ ಕಟ್ಟೈತ್ರಿ, ಚಿಮಣಿ ಗ್ಲಾಸಿಗೆ ಕಟ್ಟಿದಂಗ," ಎಂದ. ಚಿಮಣಿ ಎನ್ನುವಾಗ ಕಾಕಾನ ಮುಖವನ್ನೇ ನೋಡಿದ. "ಹೆಡ್ ಬಿಚ್ಚಿ ಕೆರೀಬೇಕು, ವಾಲ್ವು ಕೂಡಿಸಬೇಕು, ಆಮ್ಯಾಲೆ ಖರೇ ಪೆಟ್ರೋಲ್ ಹಾಕಿ ಓಡಿಸಬೇಕು. ಹಿಂಗ ಬಡಕೋತ ಓಡಿಸಿದ್ರ ಒಂದಿನ ಪಿಸ್ಟನ್ನಿಗೆ ತೂತು ಬೀಳತೈತಿ. ಅವತ್ತ ನನ್ನ ಹತ್ರ ತರಬ್ಯಾಡ್ರಿ, ಗುಜರಿಗೆ ಒಯ್ರಿ."

ಅಪ್ಪನಿಗೆ ಇದನ್ನು ಹೇಳಿದಾಗ ಅಪ್ಪ ಊಟ ಮುಗಿಸಿ ಕೈ ತೊಳೆದು, "ಮಾರಿ ಬಿಡು," ಎಂದ. ಆ ವಿಷಯದಲ್ಲಿ ಅಪ್ಪ ಆಡಿದ ಮಾತು ಅಷ್ಟೆ.

ಕಾಕಾ ನನ್ನ ಹತ್ತಿರ ಬಂದದ್ದು ಅದಾದ ಮೇಲೆ. ನಾನು ಅಂಗಳದಲ್ಲಿ ಟ್ರಂಕಿನ ಸೀರೆಗಳನ್ನು ಬಿಸಿಲಿಗೆ ಹರವುತ್ತಿದ್ದೆ. ವಾಸನೆ ಹೋಗಲಿ ಎಂದು. ಅವ್ವನಿಗೆ ಮಾತ್ರ ನುಸಿ ಹೋಗಲಿ ಎಂದು ಹೇಳಿದ್ದೆ.

"ಏ ಬಿ.ಎಸ್ಸಿ. ಬಾಯಿ," ಎಂದ ಕಾಕಾ, ಕಟ್ಟೆಯ ಮೇಲೆ ಕೂತು. "ಇಷ್ಟ ವರ್ಷ ಧಾರವಾಡದಾಗ ಏನ ಕಲತಿ? ಗಾಡಿ ಯಾಕ ಬಡೀತೈತಿ ಅಂತ ನಿನ್ನ ಪುಸ್ತಕದಾಗ ಇಲ್ಲೇನು?"

ಇತ್ತು. ನನ್ನನ್ನು ಯಾರಾದರೂ ಕಲಿತದ್ದರ ಬಗ್ಗೆ ಕೇಳಿದ್ದು ಅದೇ ಮೊದಲು. ಹಾಗಾಗಿ ಹೇಳಿದೆ, ಎಂದಿಗಿಂತ ಹೆಚ್ಚೇ ಹೇಳಿದೆ. ಸಿಲಿಂಡರಿನಲ್ಲಿ ಕಿಡಿ ಹಚ್ಚಿದ ಬೆಂಕಿ ಒಂದು ಕಡೆಯಿಂದ ಹಬ್ಬುತ್ತ ಹೋಗಬೇಕು. ಆಚೆ ಮೂಲೆಯ ಎಣ್ಣೆ ತನ್ನ ಸರದಿ ಬರುವ ತನಕ ಕಾಯಬೇಕು. ಕಾಯದೆ ತಾನೇ ಸಿಡಿದರೆ ಅದೇ ಬಡಿತ. ಎಷ್ಟು ಕಾಯುತ್ತದೆ ಎಂಬುದಕ್ಕೆ ಒಂದು ಅಂಕ ಇದೆ, ಅದನ್ನು ಆಕ್ಟೇನ್ ಎನ್ನುತ್ತಾರೆ. ಒಳ್ಳೆ ಪೆಟ್ರೋಲಿಗೆ ಆ ತಾಳ್ಮೆ ಹೆಚ್ಚು, ಸಾದಾ ಪೆಟ್ರೋಲಿಗೆ ಕಡಿಮೆ, ಚಿಮಣಿ ಎಣ್ಣೆಗೆ ಇಲ್ಲವೇ ಇಲ್ಲ ಎನ್ನಬೇಕು. ಒಳಗೆ ಕರಿ ಕಟ್ಟಿದರೆ ಜಾಗ ಇಕ್ಕಟ್ಟಾಗಿ, ಆ ಕರಿಯೇ ಕೆಂಡವಾಗಿ, ಇನ್ನೂ ಹೆಚ್ಚು ತಾಳ್ಮೆಯ ಎಣ್ಣೆ ಬೇಕಾಗುತ್ತದೆ. ಚಾವಿ ತೆಗೆದ ಮೇಲೂ ಎಂಜಿನ್ ಕುಲುಕುವುದು ಆ ಕೆಂಡದಿಂದಲೇ.

"ತಾಳ್ಮಿ ಹೆಚ್ಚ ಮಾಡಾಕ ಏನೂ ಇಲ್ಲೇನು?"

"ಉಂಗುರದಂಥ ಅಣು ಇದ್ರ ತಾಳತೈತಿ. ಸರಪಳಿಯಂಥಾದ್ದು ಲಗೂನ ಸಿಡೀತೈತಿ."

"ಉಂಗುರ ಎಲ್ಲಿಂದ ತರೂದ, ಪತ್ತಾರನ ಹತ್ರಾ?"

ನಾನು ನಕ್ಕೆ. ಕೈಯಲ್ಲಿ ಸೀರೆಯ ಮಡಿಕೆಯಿಂದ ಉದುರಿದ ಗುಳಿಗೆ ಇತ್ತು. "ಇದರಾಗೂ ಉಂಗುರ ಐತಿ," ಎಂದೆ.

ಕಾಕಾ ನನ್ನ ಅಂಗೈಯನ್ನೇ ನೋಡಿದ.

ಮರುದಿನ ಟ್ರಂಕಿನಲ್ಲಿ ಒಂದು ಗುಳಿಗೆಯೂ ಇರಲಿಲ್ಲ. ಅವ್ವ ಮನೆಯ ಇಲಿಗಳನ್ನು ಬೈದಳು. ಇಲಿ ಡಾಂಬರು ಗುಳಿಗೆ ತಿನ್ನುವುದಿಲ್ಲ ಎಂದು ಹೇಳಬಹುದಿತ್ತು. ಒಂದು ವಾರ ಬಿಸಿಲು ಕಂಡು ನನ್ನ ಸೀರೆಗಳು ಬರೀ ಬಟ್ಟೆಯ ವಾಸನೆಗೆ ಬಂದವು. ಹೊರಗೆ ಗಾಡಿಯ ಹಿಂದೆ ಹಾದು ಹೋದರೆ ಮಾತ್ರ ಅವ್ವನ ಟ್ರಂಕನ್ನು ತೆರೆದಂತಾಗುತ್ತಿತ್ತು.

ಕಾಕಾ ಚಿಮಣಿ ಎಣ್ಣೆಯನ್ನೆಲ್ಲ ಇಳಿಸಿ ಹೊಸ ಪೆಟ್ರೋಲು ತುಂಬಿಸಿದ್ದ. ತಿರುಪನ್ನು ಆರಾಮದ ಕಡೆ ಕೂದಲೆಳೆಯಷ್ಟು ತಿರುವಿದ್ದ. ಟ್ಯಾಂಕಿನಲ್ಲಿ ಗುಳಿಗೆ ಹಾಕಿದ್ದ. ಮೂರನ್ನೂ ಒಮ್ಮೆಲೇ ಮಾಡಿದ್ದರಿಂದ ಗುಣ ಬಂದದ್ದು ಯಾವುದರಿಂದ ಎಂದು ಹೇಳಲು ಬಾರದು. ಪ್ರಯೋಗ ಮಾಡುವ ರೀತಿ ಅದಲ್ಲ. ಆದರೆ ಬಡಿತ ನಿಂತಿತ್ತು. ಒಳಗಿನ ಕರಿ ಎಲ್ಲಿತ್ತೋ ಅಲ್ಲೇ ಇತ್ತು.

ಕೊಳ್ಳಲು ಬಂದವನು ಕಟಕೋಳದ ಲಗಮಪ್ಪ. ಯರಗಟ್ಟಿಯ ಕಂತ್ರಾಟದಾರನೊಬ್ಬನ ಜೀಪು ಓಡಿಸುತ್ತಿದ್ದ, ಈಗ ಸ್ವಂತ ಬಾಡಿಗೆ ಗಾಡಿ ಇಡಬೇಕೆಂದು ಹೊರಟಿದ್ದ. ಹೆಂಡತಿ ಕೃಷ್ಣವ್ವನನ್ನೂ ಕರೆತಂದಿದ್ದ. ಅವ್ವ ಇಬ್ಬರಿಗೂ ಚಹಾ ಕಳಿಸಿದಳು, ಪಡಸಾಲೆಯ ಹೊರಗಿನ ಗೂಡಿನಲ್ಲಿ ಬೇರೆಯೇ ಇಟ್ಟಿದ್ದ ಗ್ಲಾಸುಗಳಲ್ಲಿ. ಕುಡಿದು ಕೃಷ್ಣವ್ವ ಅವುಗಳನ್ನು ತಾನೇ ತೊಳೆದು ಗೂಡಿನಲ್ಲಿ ಬೋರಲು ಇಟ್ಟಳು. ಅದು ನಡೆದುಬಂದ ರೀತಿ. ಯಾರೂ ಆ ಕಡೆ ನೋಡಲಿಲ್ಲ, ನಾನು ನೋಡಿದೆ.

ಲಗಮಪ್ಪ ಗಾಡಿಯ ಸುತ್ತ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತ ಬಂದ. ಬಾನೆಟ್ಟಿನ ಮೇಲೆ ಎತ್ತಿನ ಬೆನ್ನು ಚಪ್ಪರಿಸಿದಂತೆ ಚಪ್ಪರಿಸಿದ. ಬಗ್ಗಿ ಟಾಯರು ನೋಡಿದ.

"ಹಲ್ಲ ಎಣಸೂದೊಂದ ಉಳೀತ ನೋಡ ಲಗಮಪ್ಪ," ಎಂದ ಕಾಕಾ.

"ಸುಳಿ ನೋಡಾಕ ಹತ್ತೇನ್ರಿ ಸಾವ್ಕಾರ್ರ. ನಮ್ಮಪ್ಪ ಸುಳಿ ನೋಡಲಾರದ ಎತ್ತ ಮನೀಗೆ ತಂದಾಂವಲ್ಲ."

"ಇದರ ಸುಳಿ ಬಾನೆಟ್ಟಿನ ಒಳಗ ಐತಿ, ತಗದ ನೋಡು."

"ಅದನ್ನ ಏರಿನ್ಯಾಗ ನೋಡತೇನ್ರಿ. ಬರೇ ಗಾಡಿ ಗುಡ್ಡ ಏರಿದ್ರ ಏನ್ ಬಂತು? ಹೇರು ಹೇರಿ ನೋಡಬೇಕು. ನಾ ಇನ್ನ ದಿನಾ ಯರಗಟ್ಟಿಯಿಂದ ಎಲ್ಲಮ್ಮನ ಗುಡ್ಡಕ್ಕ ಮಂದೀನ್ನ ತುಂಬಕೊಂಡ ಏರಾಂವ."

ಹಾಗಾಗಿ ಡಿಕ್ಕಿಯಲ್ಲಿ ಹತ್ತಿಕಾಳಿನ ಚೀಲಗಳನ್ನು ಹೇರಿದರು. ಅವ್ವನೂ ಕೂಡ್ರಲಿ ಎಂದರೆ ಅವ್ವ, "ನನಗ ಗಾಡಿ ಆಗಿ ಬರೂದಿಲ್ಲ," ಎಂದಳು. ಹಿಂದಿನ ವಾರವೇ ಇದೇ ಗಾಡಿಯಲ್ಲಿ ಕಿತ್ತೂರಿಗೆ ಹೋಗಿ ನಗುನಗುತ್ತ ಬಂದವಳು. ಆಕೆಯ ಬದಲು ನನ್ನನ್ನು ಕೂಡಿಸಿದರು. ಹೀಗೆ ನಾನೂ ಆ ದಿನದ ಹೇರಿನಲ್ಲಿ ಸೇರಿದೆ.

ಲಗಮಪ್ಪ ಓಡಿಸಿದ, ಕಾಕಾ ಪಕ್ಕದಲ್ಲಿ ಕೂತ. ಹಿಂದೆ ಕೃಷ್ಣವ್ವ ಮತ್ತು ನಾನು. ಆಕೆ ಮೊದಲು ಸೀಟಿನ ತುದಿಗೆ ಕೂತಿದ್ದಳು, ಗಾಡಿ ಕುಲುಕಿದಂತೆಲ್ಲ ನನ್ನ ಕಡೆ ಜಾರಿ, "ತಪ್ಪಾತ್ರಿ ಅಕ್ಕಾರ," ಎನ್ನುತ್ತ ಮತ್ತೆ ಸರಿಯುತ್ತಿದ್ದಳು. ಹೀಗೆ ಕೆಲವು ಸಲ ಆದ ಮೇಲೆ ನಾನು, "ಕುಂಡ್ರರಿ, ಇರಲಿ," ಎಂದೆ. ಆಕೆ ಆಮೇಲೆ ಮಾತಿಗೆ ತೊಡಗಿದಳು.

"ಎತ್ತ ಕೊಟ್ಟೇವ್ರಿ ಅಕ್ಕಾರ, ಇದರ ಸಲುವಾಗಿ. ಮನೀ ಎತ್ತು. ಕೊಟ್ಟ ದಿನ ಈಂವ ಎತ್ತಿನ ಗ್ವಾದಲಿ ಹತ್ರಾನ ಹೋಗಲಿಲ್ಲ, ಹಿತ್ತಲ ಬಾಗಲಾ ಬಿಟ್ಟು ಮುಂದ ಸುತ್ತ ಹಾಕಿ ಬರ್ತಿದ್ದ. ಜೀಪಿನ ನೌಕರೀನೂ ಬಿಟ್ಟ ಬಂದಾನ. ಇದು ಕೈ ಕೊಟ್ರ ನಮಗ ಎತ್ತೂ ಇಲ್ಲ, ಗಾಡೀನೂ ಇಲ್ಲ, ನೌಕರೀನೂ ಇಲ್ಲ." ಹೇಳಿ ನಕ್ಕಳು. ನಗುವ ಮಾತಲ್ಲ ಎಂದು ಆಕೆಗೂ ಗೊತ್ತಿತ್ತು.

ಸವದತ್ತಿ ದಾಟಿ ಗುಡ್ಡದ ಏರು ಸುರುವಾಯಿತು. ಲಗಮಪ್ಪ ಗೇರು ಇಳಿಸದೆ, ಬೇಕೆಂದೇ ಮೇಲಿನ ಗೇರಿನಲ್ಲೇ ಒತ್ತಿದ. ಬಡಿಯುವುದಿದ್ದರೆ ಅಲ್ಲೇ ಬಡಿಯಬೇಕು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕಿವಿ ಕೊಟ್ಟ. ನಾನೂ ಕಿವಿ ಕೊಟ್ಟೆ. ಗಾಳಿಯ ಸದ್ದು, ಚೀಲ ಸರಿದ ಸದ್ದು. ಕಡಲೆಕಾಳು ಅಲ್ಲಾಡಲಿಲ್ಲ. ಮೇಲೆ ತಲುಪಿ ಚಾವಿ ತೆಗೆದಾಗ ಎಂಜಿನ್ ಕುಲುಕದೆ ಥಟ್ಟನೆ ನಿಂತಿತು. ಕಾಕಾ ಬೀಡಿ ಹಚ್ಚಿದ.

"ಎಂಜಿನ್ ಬೆಸ್ಟ್ ಐತ್ರಿ," ಎಂದ ಲಗಮಪ್ಪ. ಆಮೇಲೆ ಮೂಗು ಎಳೆದುಕೊಂಡ. "ಒಂದ ಮಾತ್ರ... ಇದ್ಯಾಕ್ರಿ ಡಾಂಬರ ಗುಳಿಗಿ ವಾಸನಿ ಬರಾಕ ಹತ್ತೈತಿ?"

"ಎಲ್ಲೈತಿ?"

"ಗಾಡ್ಯಾಗ್ರಿ. ನಾ ಯಾಕ ಕೇಳಿದೆ ಅಂದ್ರ, ನಮ್ಮ ಕಂತ್ರಾಟದಾರಗ ಒಬ್ಬಾಂವ ಜೀಪ್ ಹಿಂಗ ಮಾರಿದ್ದ. ಟ್ಯಾಂಕಿನ್ಯಾಗ ಡಾಂಬರ ಗುಳಿಗಿ ಹಾಕಿ ಬಡಿತಾ ಮುಚ್ಚಿದ್ದ. ಟ್ಯಾಂಕ್ ಖಾಲಿ ಆತು, ಎಂಜಿನ್ ಬಡಕೊಂಡ ಬಡಕೊಂಡ ಪಿಸ್ಟನ್ ಒಡೀತು..."

ಕಾಕಾ ತಡಮಾಡಲಿಲ್ಲ. ತಿರುಗಿ ನನ್ನ ಕಡೆ ಬೀಡಿ ಹಿಡಿದ ಕೈಯಿಂದ ತೋರಿಸಿ ನಕ್ಕ.

"ಗಾಡಿ ವಾಸನಿ ಅಲ್ಲೋ ಮಾರಾಯಾ. ಅದು ನಮ್ಮ ಹುಡುಗಿ ಸೀರೀದು. ಇಕಿ ಅವ್ವ ಟ್ರಂಕಿನ ತುಂಬ ಗುಳಿಗಿ ತುಂಬತಾಳ. ನಮಗ ರೂಢಿ ಆಗೈತಿ, ವಾಸನೀನ ಬರೂದಿಲ್ಲ."

ಲಗಮಪ್ಪನ ಮುಖ ಕೆಂಪಗಾಯಿತು. ಸಾವ್ಕಾರರ ಮನೆಯ ಮಗಳ ಮೈಯ ವಾಸನೆಯ ಬಗ್ಗೆ ಬಾಯಿ ಹಾಕಿದಂತಾಗಿತ್ತು. ಅವನು ಗಾಡಿಯಿಂದ ಇಳಿದು, ನನ್ನನ್ನು ನೋಡದೆ, ಕೈ ಮುಗಿದ. "ತಪ್ಪಾತ್ರಿ ಅಕ್ಕಾರ. ಗೊತ್ತಾಗಲಿಲ್ಲ. ಮನಸಿಗೆ ಹಚ್ಚಿಕೋಬ್ಯಾಡ್ರಿ."

ಆಮೇಲೆ ಅವನು ಆ ವಾಸನೆಯ ಮಾತೆತ್ತುವಂತಿರಲಿಲ್ಲ. ಕಾಕಾನಿಗೆ ಅದು ಗೊತ್ತಿತ್ತು.

ನಾನು ಉಟ್ಟದ್ದು ಮನೆಯಲ್ಲಿ ಉಡುವ ವಾಯಿಲ್ ಸೀರೆ. ಅದು ಎಂದೂ ಟ್ರಂಕು ಕಂಡದ್ದಲ್ಲ, ಹಗ್ಗದ ಮೇಲೆ ಒಣಗಿ ಹಗ್ಗದ ಮೇಲಿಂದಲೇ ಮೈಗೆ ಬಂದದ್ದು. ಇಷ್ಟು ದಿನ ನನ್ನೊಳಗೇ ಇಟ್ಟುಕೊಂಡಿದ್ದ ಚಿಂತೆಯನ್ನು ಕಾಕಾ ತೆಗೆದು ಗಾಡಿಯ ಟ್ಯಾಂಕಿಗೆ ಮುಚ್ಚಳ ಮಾಡಿದ್ದ. ಆತನಿಗೆ ನನ್ನ ಚಿಂತೆಯ ಸುಳಿವೂ ಇರಲಿಲ್ಲ, ಕೈಗೆ ಸಿಕ್ಕದ್ದನ್ನು ಎತ್ತಿಕೊಂಡಿದ್ದ, ಅಷ್ಟೆ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಒಂದು ಬಗೆಯ ಕುತೂಹಲ. ಕೃಷ್ಣವ್ವ ಏನು ಮಾಡುತ್ತಾಳೆ ಎಂದು ನೋಡಿದೆ.

ಇಳಿಜಾರಿನಲ್ಲಿ ಗಾಡಿ ಕುಲುಕಿದಾಗ ಆಕೆ ಮತ್ತೆ ನನ್ನ ಕಡೆ ಜಾರಿದಳು. ಆಕೆಯ ಮೂಗು ನನ್ನ ಭುಜದ ಹತ್ತಿರ ಒಂದು ಗಳಿಗೆ ನಿಂತಿತು. ಆಕೆ ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಆಮೇಲೆ ನೆಟ್ಟಗೆ ಕೂತು ನನ್ನ ಮುಖ ನೋಡಿದಳು.

ಬೈಲಹೊಂಗಲಕ್ಕೆ ಮರಳಿದಾಗ ಮನೆ ಮುಂದಿನ ಕಟ್ಟೆಯ ಮೇಲೆ ಅಪ್ಪ ಕೂತಿದ್ದ. ಲಗಮಪ್ಪ ಹೆಗಲಿನ ಟವೆಲ್ ತೆಗೆದು ಕೈಮೇಲೆ ಹಾಸಿದ. ಅದರ ಕೆಳಗೆ ಅವನೂ ಕಾಕಾನೂ ಬೆರಳು ಹಿಡಿದು, ದನದ ಪೇಟೆಯಲ್ಲಿ ಮಾಡುವಂತೆ, ಬಾಯಿ ಬಿಡದೆ ವ್ಯಾಪಾರ ಮಾಡಿದರು. ಟವೆಲ್ ಮೇಲೆ ಕೆಳಗೆ ಅಲ್ಲಾಡಿತು, ಒಮ್ಮೆ ಕಾಕಾ "ಹೋಗೋ, ಹೋಗೋ" ಎಂದು ಕೈ ಎಳೆದುಕೊಂಡ, ಮತ್ತೆ ಹಾಕಿದ. ಕೊನೆಗೆ ಇಬ್ಬರೂ ತಲೆಯಾಡಿಸಿದರು. ಇನ್ನು ಚಾವಿ ಕೈ ಸೇರುವುದು, ಲಗಮಪ್ಪ ಸೊಂಟದ ಚೀಲ ಬಿಚ್ಚುವುದು ಉಳಿದಿತ್ತು.

"ಐಬು ಏನರ ಐತೇನ್ರಿ?" ಎಂದು ಲಗಮಪ್ಪ ಅಪ್ಪನನ್ನು ಕೇಳಿದ. ಎತ್ತು ಮಾರುವಾಗ ಕೇಳುವ ಮಾತು. ಹಾಯುತ್ತದೆಯೇ, ಮಲಗುತ್ತದೆಯೇ, ನೀರು ಕಂಡರೆ ಬೆದರುತ್ತದೆಯೇ. ಹೇಳಿದ ಐಬು ಕೊಂಡವನದು, ಹೇಳದ ಐಬು ಕೊಟ್ಟವನದು.

"ಹಳೇ ಗಾಡಿಯಪಾ," ಎಂದ ಅಪ್ಪ. "ನೀನ ಓಡಿಸಿ ನೋಡೀಯಲ್ಲ."

ಅಪ್ಪ ಸುಳ್ಳು ಹೇಳಲಿಲ್ಲ. ಪೇಟೆಯಲ್ಲಿ ಅಪ್ಪನ ಮಾತಿಗೆ ತೂಕ ಇದೆ ಎನ್ನುತ್ತಾರೆ. ಆತ ಮಾತನ್ನು ಹೀಗೆ ತೂಗಿಯೇ ಆಡುತ್ತಿದ್ದ.

ಕಾಕಾ ಚಾವಿಯನ್ನು ಲಗಮಪ್ಪನ ಕಡೆ ಚಾಚಿದ. ಆಗ ಕೃಷ್ಣವ್ವ ಅಂಗಳದಿಂದಲೇ, "ತಡೀರಿ," ಎಂದಳು. ಗಂಡನಿಗೆ ಹೇಳಿದಳು, ಆದರೆ ಎಲ್ಲರಿಗೂ ಕೇಳುವಂತೆ.

"ನಿಮ್ಮಪ್ಪ ಎತ್ತ ತರೂವಾಗ ಗಂಡಸರ ಕೈಯಾಗಿಂದ ಹಗ್ಗ ತಗೊಂಡಿದ್ನೇನು? ಆ ಮನೀ ಹೆಣಮಗಳು ಕೊಡಬೇಕು, ನಮ್ಮ ಮನೀ ಹೆಣಮಗಳು ತಗೋಬೇಕು. ಮೇವು ಹಾಕಿದಾಕೀಗೆ ಐಬು ಗೊತ್ತಿರತೈತಿ. ಆಕಿ ಬಾಯಿಂದ ಇಲ್ಲ ಅಂದ್ರ ಇಲ್ಲ."

"ಏ, ಗಾಡಿ ಏನ್ ದನ ಏನಬೇ?" ಎಂದು ಕಾಕಾ ನಕ್ಕ.

"ದನ ಮಾರೇ ಗಾಡಿ ಕಟ್ಟಾಕ ಹತ್ತೇವ್ರಿ ಸಾವ್ಕಾರ್ರ."

ಲಗಮಪ್ಪ ಹೆಂಡತಿಯನ್ನು ನೋಡಿದ. ಆಮೇಲೆ, "ರೂಢಿ ಐತ್ರಿ, ಹಂಗ ಮಾಡಿ ಬಿಡೂಣು," ಎಂದ. ಅಪ್ಪ ಬಾಗಿಲ ಕಡೆ ತಿರುಗಿ ಅವ್ವನನ್ನು ಕರೆದ. ಅವ್ವ ಹೊಸ್ತಿಲಲ್ಲಿ ನಿಂತು ವಿಷಯ ಕೇಳಿದಳು. ಕೃಷ್ಣವ್ವನ ಚಾಚಿದ ಕೈ ನೋಡಿದಳು.

"ಕಟ್ಟಿ ಮ್ಯಾಲ ಇಡ್ರಿ, ತಗೋತಾಳ," ಎಂದಳು.

"ಯವ್ವಾ, ಹಗ್ಗ ನೆಲದ ಮ್ಯಾಲಿಂದ ಎತ್ತೂದಿಲ್ರಿ," ಎಂದಳು ಕೃಷ್ಣವ್ವ. ದನಿ ಏರಿಸಲಿಲ್ಲ, ಕೈಯನ್ನೂ ಇಳಿಸಲಿಲ್ಲ.

ಅವ್ವ ನನ್ನ ಕಡೆ ನೋಡಿದಳು. "ಸೋಮೀ, ನೀನ ಕೊಡು. ಆಮ್ಯಾಲೆ ಜಳಕ ಮಾಡೀಯಂತ."

ಕಾಕಾ ನನ್ನ ಕೈಗೆ ಚಾವಿ ಇಟ್ಟ. ಇಡುವಾಗ ನನ್ನ ಬೆರಳುಗಳನ್ನು ಮೆಲ್ಲಗೆ ಒತ್ತಿದ. ಟವೆಲಿನ ಕೆಳಗೆ ಮಾಡುವಂಥ ಒತ್ತು, ಅದಕ್ಕೂ ಒಂದು ಅರ್ಥ ಇತ್ತು. ನಾನು ಕಟ್ಟೆ ಇಳಿದು ಅಂಗಳಕ್ಕೆ ಹೋದೆ. ಗಾಳಿ ಗಾಡಿಯ ಕಡೆಯಿಂದ ಬೀಸುತ್ತಿತ್ತು. ಎಂದಿನ ರೂಢಿಯಂತೆ ನೋಡಿಕೊಂಡೆ.

ಕೃಷ್ಣವ್ವ ಎರಡೂ ಅಂಗೈ ಕೂಡಿಸಿ ಹಿಡಿದಿದ್ದಳು. ಅಂಗೈಗಳಲ್ಲಿ ಹಗ್ಗ ಹಿಡಿದು ಹಿಡಿದು ಬಿದ್ದ ಗೆರೆಗಳಿದ್ದವು. ಚಾವಿ ಇಟ್ಟೆ. ಆಕೆ ಮುಷ್ಟಿ ಮುಚ್ಚಲಿಲ್ಲ.

"ಐಬು ಏನರ ಐತೇನ್ರಿ ಅಕ್ಕಾರ?" ಎಂದು ಕೇಳಿದಳು.

ಹಿಂದೆ ಕಟ್ಟೆಯ ಮೇಲೆ ಕಾಕಾ ಕೆಮ್ಮಿದ. ಇಲ್ಲ ಎಂದರೆ ಮುಗಿಯುತ್ತಿತ್ತು. ತಲೆಯಾಡಿಸಿದರೂ ಸಾಕಿತ್ತು. ನನಗೆ ಅದು ರೂಢಿಯಾಗಿತ್ತು, ಮನೆಯವರಿಗೂ. ಏನೂ ಹೇಳದೆ ನಿಂತರೆ ಅದನ್ನೂ ಇಲ್ಲ ಎಂದೇ ಎಲ್ಲರೂ ತಿಳಿಯುತ್ತಿದ್ದರು. ಕೃಷ್ಣವ್ವ ಕಾಯುತ್ತ ನಿಂತಿದ್ದಳು. ಆಕೆಗೆ ಆಗಲೇ ಗೊತ್ತಿತ್ತು. ಆದರೆ ಆಕೆ ಹೇಳಿದರೆ ಅದು ಸಾವ್ಕಾರರ ಮೇಲೆ ಹೊರಿಸಿದ ಮಾತಾಗುತ್ತಿತ್ತು, ಹೇಳಬೇಕಾದವಳು ನಾನು.

"ವಾಸನಿ ನಂದಲ್ರಿ," ಎಂದೆ. ನನ್ನ ದನಿ ನಾನಂದುಕೊಂಡದ್ದಕ್ಕಿಂತ ದೊಡ್ಡದಾಗಿತ್ತು, ಕಟ್ಟೆಯ ತನಕ ಹೋಯಿತು. "ಗಾಡೀದು."